ಅಟ್ಟದಿಂದಿಳಿದ ಲೋಟಗಳು

ಯಾರೂ ಮುಟ್ಟದ ಕೆಲಸವೊಂದು ಶಾಲೆಯಲ್ಲಿ ಹುಟ್ಟಿತು ಅಂದರೆ ಅದು ಸುತ್ತಿ ಬಳಸಿ ಕರಿಬಸಮ್ಮ ಟೀಚರ ತಲೆಗೇ ಬರಬೇಕು. ಪೋಲಿಯೊ ಹನಿ ಅವಳಿಗೆ, ಜನಗಣತಿ ಅವಳಿಗೆ, ಮತದಾರರ ಪಟ್ಟಿ ಅವಳಿಗೆ. ಆ ವರ್ಷ ಮೇಲಿನಿಂದ ಇನ್ನೊಂದು ಸುತ್ತೋಲೆ ಬಂತು. ಶಾಲೆಗಳಲ್ಲಿ ಪರಿಸರ ಸಂಘ ಮಾಡಬೇಕಂತೆ, ಒಂದು ಸಲ ಬಳಸಿ ಬಿಸಾಕುವ ಪ್ಲಾಸ್ಟಿಕ್ಕನ್ನು ಶಾಲೆಯೊಳಗೆ ಬಿಡಬಾರದಂತೆ. ಹೆಡ್‌ಮಾಸ್ಟರ್ ಮೂರ್ತಪ್ಪ ಸ್ಟಾಫ್ ರೂಮಿಗೆ ಬಂದು, ಎಲ್ಲರ ಮುಖವನ್ನೂ ಒಮ್ಮೆ ನೋಡಿದ ಶಾಸ್ತ್ರ ಮಾಡಿ, ಕಾಗದವನ್ನು ನೇರ ಅವಳ ಮೇಜಿನ ಮೇಲಿಟ್ಟರು.

"ತಾಳ್ಮೆ ಅಂದ್ರೆ ನಿಮ್ದು ಮೇಡಂ. ಈ ಪ್ಲಾಸ್ಟಿಕ್ ವಿಷಯ ನೀವೇ ನೋಡ್ಕೊಂಡುಬಿಡಿ."

ತಾಳ್ಮೆಯೂ ಇರಲಿಲ್ಲ ಗೀಳ್ಮೆಯೂ ಇರಲಿಲ್ಲ. ಆಗಲ್ಲ ಅನ್ನುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ, ಅದು ಇರಲಿಲ್ಲ. ಕರಿಬಸಮ್ಮ ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಮೂರನೇ ತರಗತಿಗೆ ಮಗ್ಗಿ ಹೇಳಿಕೊಡಲು ಹೋದಳು.

ಶಾಲೆ ಇದ್ದದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಅವಳೂ ಅದೇ ಓಲ್ಡ್ ಟೌನಿನ ಸೊಸೆ. ಗಂಡ ಉಜ್ಜನಪ್ಪ ತೀರಿಕೊಂಡ ಮೇಲೆ, ಮಗಳು ಸ್ಫೂರ್ತಿಯ ಕಾಲೇಜಿಗೆ ಅನುಕೂಲವಾಗಲಿ ಅಂತ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದಳು. ಬೆಳಗ್ಗೆ ಎದ್ದು ಅಡುಗೆ, ಡಬ್ಬಿ, ನೀರು ಹಿಡಿಯುವುದು, ಆಮೇಲೆ ಭದ್ರಾವತಿ ಬಸ್ಸು. ಸೀಟು ಅನ್ನುವುದು ಅವಳ ಹಣೆಯಲ್ಲಿ ಬರೆದಿರಲಿಲ್ಲ. ಕಂಬಿ ಹಿಡಿದು ಜೋತಾಡುತ್ತಾ ಹೋಗಿ, ಜೋತಾಡುತ್ತಾ ಬಂದು, ಮನೆಗೆ ಕಾಲಿಟ್ಟ ಕೂಡಲೇ ಗೋಡೆಗೊರಗಿ ಕೂತುಬಿಡುತ್ತಿದ್ದಳು. ಕಾಫಿ ಕಾಸಲು ಕೂಡ ಏಳಬೇಕು ಅನ್ನಿಸುತ್ತಿರಲಿಲ್ಲ.

ಆ ಜೋತಾಟದಲ್ಲಿ ಅವಳಿಗಿದ್ದ ಸಮಾಧಾನ ಒಂದೇ. ಉಜ್ಜನಪ್ಪ ಬ್ಯಾಂಕಿನ ಗುಮಾಸ್ತ. ಆದರೆ ಬ್ಯಾಂಕಿನ ಕೆಲಸಕ್ಕಿಂತ ಊರ ಕೆಲಸ ಮಾಡಿದ್ದೇ ಹೆಚ್ಚು. ಯಾರದೋ ರೇಷನ್ ಕಾರ್ಡು, ಯಾರದೋ ವಿಧವಾ ವೇತನ, ಯಾರನ್ನೋ ಆಟೋಗೆ ಹಾಕಿಕೊಂಡು ಆಸ್ಪತ್ರೆಗೆ. ಓಲ್ಡ್ ಟೌನಿನಲ್ಲಿ ಉಜ್ಜನಪ್ಪಣ್ಣನ ಉಪಕಾರ ಪಡೆಯದ ಮನೆ ಇರಲಿಲ್ಲ. ಎದೆ ನೋವು ಅಂದವನು ಎದ್ದು ಕೂರಲೇ ಇಲ್ಲ. ಅವನ ಶಿವಗಣಾರಾಧನೆಯ ದಿನ ಬಂದವರಿಗೆಲ್ಲ ಒಂದೊಂದು ಸ್ಟೀಲ್ ಲೋಟ ಕೊಡಬೇಕು ಅಂತ ಹಟ ಹಿಡಿದವಳು ಇವಳೇ. "ತೆಳ್ಳಂದು ಬೇಡ, ನಾಳೆ ಸೊಟ್ಟಗಾಗುತ್ತೆ" ಅಂತ ದಪ್ಪನೆಯ ಲೋಟವನ್ನೇ ಆರಿಸಿ, ಪಾತ್ರೆ ಅಂಗಡಿಯ ಜಟ್ಟಪ್ಪನ ಮುಂದೆ ಕೂತು ಒಂದೊಂದರ ಮೇಲೂ 'ಲಿಂ. ಉಜ್ಜನಪ್ಪನವರ ಸ್ಮರಣಾರ್ಥ' ಎಂದು ಹೆಸರು ಹಾಕಿಸಿದ್ದಳು. ಲಿಂಗೈಕ್ಯರಾದವರ ಹೆಸರಿನ ಮುಂದೆ ಆ 'ಲಿಂ.' ಬರಲೇಬೇಕು. ಬಸ್ಸು ಸೇತುವೆ ದಾಟುವಾಗ ಅವಳು ನೆನೆಯುತ್ತಿದ್ದಳು: ಇಷ್ಟು ಹೊತ್ತಿಗೆ ಓಲ್ಡ್ ಟೌನಿನಲ್ಲಿ ಯಾರೋ ಒಬ್ಬರು ಅವರ ಲೋಟದಲ್ಲಿ ಕಾಫಿ ಕುಡೀತಿರ್ತಾರೆ. ಅವಳು ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

ಇರಲಿ, ಪ್ಲಾಸ್ಟಿಕ್ಕಿಗೆ ಬರೋಣ. ಸುತ್ತೋಲೆ ಬಂದ ಮಾತ್ರಕ್ಕೆ ಕರಿಬಸಮ್ಮ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಎಷ್ಟು ಸುತ್ತೋಲೆ ಕಂಡಿಲ್ಲ ಅವಳು! ಆದರೆ ಹಿಂದಿನ ವರ್ಷದ ಪ್ರತಿಭಾ ಕಾರಂಜಿ ಅವಳ ಕಣ್ಣ ಮುಂದೆಯೇ ಇತ್ತು. ಸುತ್ತಲಿನ ಶಾಲೆಗಳ ಮಕ್ಕಳೆಲ್ಲ ಹಾಡು, ಕುಣಿತ, ಭಾಷಣ ಅಂತ ಇಲ್ಲಿಗೇ ಬಂದಿದ್ದರು. ಅಂಗಳ ದೊಡ್ಡದಿರುವುದು ಈ ಶಾಲೆಗೆ ತಾನೆ? ಮಕ್ಕಳಿಗೆ ಪಾನಕ, ದೊಡ್ಡವರಿಗೆ ಟೀ, ಎಲ್ಲ ಬಿಳಿ ಪ್ಲಾಸ್ಟಿಕ್ ಕಪ್ಪಿನಲ್ಲಿ. ಮುಗಿದ ಮೇಲೆ ಆ ಕಪ್ಪುಗಳನ್ನು ಗುಡಿಸಿ ಕಕ್ಕಸಿನ ಹಿಂದೆ ರಾಶಿ ಹಾಕಿ ಬೆಂಕಿ ಇಟ್ಟರು. ಕಪ್ಪು ಹೊಗೆ ಮೂರನೇ ತರಗತಿಯ ಕಿಟಕಿಗೇ ನುಗ್ಗಿತು. ಮಕ್ಕಳು ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡವು. ಸುಡದೆ ಉಳಿದದ್ದು ಹಾರಿ ಚರಂಡಿಗೆ ಬಿತ್ತು. ಮುಂಗಾರಿನ ಮೊದಲ ಮಳೆಗೆ ಚರಂಡಿ ಕಟ್ಟಿಕೊಂಡು ಗಲೀಜು ನೀರು ಅವಳ ತರಗತಿಗೇ ಬಂತು. ಅದನ್ನು ಬಳಿದವಳೂ ಅವಳೇ. ಬಳಿಯುತ್ತಾ ಅಂದುಕೊಂಡಿದ್ದಳು, ಈ ದರಿದ್ರ ಇನ್ನೊಂದು ವರ್ಷ ನನ್ನಿಂದಾಗಲ್ಲ ಅಂತ.

ಈ ವರ್ಷವೂ ಕಾರಂಜಿ ಇಲ್ಲೇ ಅಂತ ಗೊತ್ತಾದಾಗ ಅವಳು ಮೂರ್ತಪ್ಪನವರ ಕೋಣೆಗೆ ಹೋಗಿ ಕಪ್ಪು ತರಿಸುವುದು ಬೇಡ ಎಂದಳು.

"ಕಪ್ಪಿಲ್ದೆ ಹೆಂಗೆ ಮೇಡಂ? ಅಷ್ಟು ಮಕ್ಕಳಿಗೆ ಬೊಗಸೇಲಿ ಕುಡಿಸ್ತೀರಾ? ಲೋಟ ತರೋಣ ಅಂದ್ರೆ ಗ್ರಾಂಟ್ ಎಲ್ಲಿದೆ?"

"ಲೋಟ ನಾನು ತರಿಸ್ತೀನಿ ಸಾರ್. ನೀವು ಕಪ್ಪು ತರಿಸ್ಬೇಡಿ, ಅಷ್ಟು ಸಾಕು."

ಮೂರ್ತಪ್ಪ ಕೆಟ್ಟ ಮನುಷ್ಯರೇನಲ್ಲ. ತನ್ನ ತಲೆಗೆ ಬರದಿದ್ದರೆ ಯಾವುದಕ್ಕೂ ಹೂಂ ಅನ್ನುವ ಪೈಕಿ. ಹೂಂ ಅಂದರು.

ಅವಳ ಲೆಕ್ಕಾಚಾರ ಸರಳವಾಗಿತ್ತು. ಓಲ್ಡ್ ಟೌನಿನ ಯಾವ ಮನೆಗೆ ಹೋದರೂ ಲೋಟಕ್ಕೇನು ಬರ. ಮದುವೆ, ಗೃಹಪ್ರವೇಶ, ನಾಮಕರಣ, ಎಲ್ಲಕ್ಕೂ ಸ್ಟೀಲ್ ಪಾತ್ರೆಯೇ ಮುಯ್ಯಿ. ಕೊಟ್ಟವರ ಹೆಸರು ಹೊತ್ತುಕೊಂಡು ಅಟ್ಟದ ಮೇಲೆ ಕೂತಿರುತ್ತವೆ. ಮನೆಗೊಂದು ಎರಡು ಬಂದರೂ ಶಾಲೆಗೆ ಒಂದು ಪೆಟ್ಟಿಗೆ ತುಂಬ ಲೋಟವಾಗುತ್ತದೆ. ಪ್ರತಿ ಸಮಾರಂಭಕ್ಕೂ ತೆಗೆದು, ತೊಳೆದು, ಮತ್ತೆ ಇಟ್ಟರಾಯಿತು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ಹೇಳಿದಳು: "ಮನೇಲಿ ಅಮ್ಮನ್ನ ಕೇಳ್ಕೊಂಡು ಒಂದೊಂದು ಲೋಟ ತನ್ನಿ. ಒಳ್ಳೇದೇ ಬೇಕು ಅಂತಿಲ್ಲ. ನೀವು ದಿನಾ ಉಪಯೋಗ ಮಾಡದೆ ಸುಮ್ನೆ ಇಟ್ಟಿರ್ತೀರಲ್ಲ, ಅಂಥದ್ದೇ ಸಾಕು."

ಈ ಕೊನೆಯ ಮಾತನ್ನು ಅವಳು ಹೇಳಬಾರದಿತ್ತು.

ಲೋಟಗಳು ಬರತೊಡಗಿದವು. ಬಿಸಿಯೂಟದ ಅಡುಗೆಮನೆಯ ಜಗಲಿಯಲ್ಲಿ ಕೂತು, ಅಡುಗೆಯ ಉಚ್ಚಂಗಮ್ಮನ ಜೊತೆ ಅವನ್ನು ತೊಳೆದು ಒರೆಸುವುದು ಮಧ್ಯಾಹ್ನದ ಕೆಲಸವಾಯಿತು. ಉಚ್ಚಂಗಮ್ಮ ಓಲ್ಡ್ ಟೌನಿನವಳೇ, ಕರಿಬಸಮ್ಮನ ಗಂಡನ ಮನೆಯ ಹಿಂದಿನ ಓಣಿ. ಇಬ್ಬರೂ ಹೆಸರು ಓದಿ ನಗುತ್ತಿದ್ದರು. ಒಂದು ಲೋಟದ ಮೇಲೆ ಗಂಡನ ಹೆಸರೂ ಹೆಂಡತಿಯ ಹೆಸರೂ ಇದ್ದು, ಅವರಿಬ್ಬರೂ ಈಗ ಮಾತಾಡುತ್ತಿರಲಿಲ್ಲ. ಇನ್ನೊಂದರ ಮೇಲೆ ಮುರಿದುಬಿದ್ದ ಮದುವೆಯ ತಾರೀಖು. "ಅಯ್ಯೋ ಶಿವನೇ, ಇದನ್ನ ಕಳಿಸಿದಾರಲ್ಲ ಮಾರಾಯ್ತಿ!" ಅಂತ ಕರಿಬಸಮ್ಮ ಎಷ್ಟೋ ದಿನದ ಮೇಲೆ ಬಾಯಿ ತುಂಬ ನಕ್ಕಳು.

ಆಮೇಲೆ ಗಂಡನ ಲೋಟ ಬಂತು. ಆರನೇ ತರಗತಿಯ ಮೋನಿಕಾ ತಂದದ್ದು. ಹೆಸರು ಕಂಡ ಕೂಡಲೇ ಕರಿಬಸಮ್ಮ ಅದನ್ನು ಕೈಗೆತ್ತಿಕೊಂಡಳು. ಪಾಪ, ಇದನ್ನೂ ಕೊಟ್ಟುಬಿಟ್ಟರಲ್ಲ, ಶಾಲೆಗೆ ಅಂತ ಇಷ್ಟು ಪ್ರೀತಿಯ ವಸ್ತುವನ್ನು ಕೊಟ್ಟರಲ್ಲ ಅನ್ನಿಸಿತು. ಅದನ್ನು ಸೆರಗಿನಿಂದ ಒರೆಸಿ ಬೇರೆಯಾಗಿ ಇಟ್ಟಳು. ಮಾರನೆಯ ದಿನ ಇನ್ನಷ್ಟು ಬಂದವು. ಅದರ ಮಾರನೆಯ ದಿನ ಮತ್ತೆ. ಎಲ್ಲವೂ ಹೊಸ ಹೊಳಪಿನವು. ಒಂದಕ್ಕೂ ಒಂದು ಗೀರಿಲ್ಲ, ತಳದಲ್ಲಿ ಕಾಫಿಯ ಕಲೆಯಿಲ್ಲ. ಕೆಲವುಗಳ ಒಳಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.

ಕರಿಬಸಮ್ಮನ ಕೈ ನಿಂತಿತು. ಒಬ್ಬರೂ ಕುಡಿದಿರಲಿಲ್ಲ. ಇಡೀ ಓಲ್ಡ್ ಟೌನಿನಲ್ಲಿ ಒಂದು ಮನೆಯಲ್ಲೂ, ಒಂದು ದಿನವೂ.

ಪಕ್ಕದಲ್ಲಿ ಕೂತ ಉಚ್ಚಂಗಮ್ಮ ಮುಖ ತಗ್ಗಿಸಿ ಲೋಟ ಉಜ್ಜುತ್ತಲೇ ಇದ್ದಳು.

"ಗೊತ್ತಿತ್ತಾ ನಿಂಗೆ?"

"ಏನು ಹೇಳ್ಲಿ ಮಿಸ್."

"ನಿನ್ನ ಗಂಡನ್ನ ಆಸ್ಪತ್ರೆಗೆ ಹೊತ್ಕೊಂಡು ಹೋದೋರು ಯಾರು? ನಿಮ್ಮ ಮನೇದೂ ಇದರಲ್ಲಿ ಬಂದಿದೆಯಾ ಇಲ್ವಾ, ಹೇಳು."

"ಬಂದಿದೆ," ಎಂದಳು ಉಚ್ಚಂಗಮ್ಮ. ಆಮೇಲೆ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಬೇಜಾರು ಮಾಡ್ಕೋಬೇಡಿ ಮಿಸ್. ಹೋದೋರ ಹೆಸರಿನ ಲೋಟದಲ್ಲಿ ಮಕ್ಕಳಿಗೆ ಹಾಲು ಹಾಕಿ ಕೊಡೋಕೆ ಮನಸ್ಸು ಬರಲ್ಲ. ಆ 'ಲಿಂ.' ಅನ್ನೋದನ್ನ ಬೆಳಗ್ಗೆ ಎದ್ದು ನೋಡಿದ್ರೆ ಒಂಥರಾ ಆಗುತ್ತೆ. ಹಂಗಂತ ಗುಜರಿಗೆ ಹಾಕೋಕಾಗುತ್ತಾ? ಉಜ್ಜನಪ್ಪಣ್ಣನ ಹೆಸರನ್ನ ಗುಜರಿಗೆ ಹಾಕಿದ್ರೆ ನಮ್ಮ ಕೈ ಸೇದೋಗಲ್ವಾ? ಅದಕ್ಕೇ ಅಟ್ಟಕ್ಕಿಟ್ಟಿದ್ವಿ. ನೀವು ಉಪಯೋಗ ಇಲ್ದೇ ಇರೋದನ್ನ ಕೊಡಿ ಅಂದ್ರಿ, ಕೊಟ್ವಿ."

ಉಚ್ಚಂಗಮ್ಮ ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ನೀವು ಕುಡೀತೀರಾ ಮಿಸ್, ಅದರಲ್ಲಿ?"

ಹಂಚಿ ಉಳಿದ ಲೋಟಗಳು ದುರ್ಗಿಗುಡಿಯ ಮನೆಯಲ್ಲೂ ಗೋಣಿಚೀಲದೊಳಗೆ ಅಟ್ಟದ ಮೇಲೇ ಇದ್ದವು. ಅವಳು ಕುಡಿಯುತ್ತಿದ್ದದ್ದು ಹಿಡಿ ಒಡೆದ ಒಂದು ಪಿಂಗಾಣಿ ಕಪ್ಪಿನಲ್ಲಿ. ಊರಿಗೆ ಊರೇ ಅವನ ಹೆಸರು ಹಿಡಿದು ಕುಡಿಯಲಿ ಅಂತ ಬಯಸಿದವಳು ತಾನು ಮಾತ್ರ ಒಂದು ದಿನವೂ ಆ ಚೀಲ ಬಿಚ್ಚಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು, ಯಾರ ಮೇಲೆ ಅಂತ ತಿಳಿಯದೆ ಒದ್ದೆ ಬಟ್ಟೆಯನ್ನು ಹಿಂಡಿ ಹಿಂಡಿ ಒಣಗಹಾಕಿದಳು.

ಸುದ್ದಿ ಮೂರ್ತಪ್ಪನವರ ಕಿವಿಗೆ ಬೀಳಲು ಹೊತ್ತು ಹಿಡಿಯಲಿಲ್ಲ. ಅವರು ಜಗಲಿಗೆ ಬಂದು, ಜೋಡಿಸಿಟ್ಟ ಲೋಟಗಳನ್ನು ಬಗ್ಗಿ ನೋಡಿ, ಗುಡಿಯೊಳಗೆ ಚಪ್ಪಲಿ ಕಂಡ ಪೂಜಾರಿಯಂತೆ ಹಿಂದೆ ಸರಿದರು.

"ಅಲ್ಲ ಮೇಡಂ, ಉಜ್ಜನಪ್ಪನವರು ದೊಡ್ಡ ಮನುಷ್ಯರು, ನಾನೂ ಕೈ ಮುಗೀತೀನಿ. ಆದ್ರೆ ಶಿವಮೊಗ್ಗದಿಂದ ಸಾಹೇಬ್ರು ಬರ್ತಾರೆ. ಅವರ ಕೈಗೆ 'ಲಿಂ.' ಅಂತ ಬರೆದಿರೋ ಲೋಟದಲ್ಲಿ ಟೀ ಕೊಡೋಕಾಗುತ್ತೇನ್ರಿ? ಬೇರೆ ಊರಿನ ಮಕ್ಕಳ ತಾಯಂದಿರು ಸುಮ್ನೆ ಇರ್ತಾರಾ? ಇವನ್ನ ಪಕ್ಕಕ್ಕಿಡಿ. ಉಳಿದದ್ದು ಸಾಲ್ದು ಅಂದ್ರೆ ಈ ವರ್ಷ ಒಂದು ಸಲ ಕಪ್ಪೇ ತರಿಸಿಬಿಡೋಣ. ಸುಡೋದು ಬೇಡ, ಹೊರಗೆ ಎಲ್ಲಾದ್ರೂ ಹಾಕಿಸೋಣ."

ಉಳಿದದ್ದು ಸಾಲುತ್ತಿರಲಿಲ್ಲ. ಬಂದ ಲೋಟಗಳಲ್ಲಿ ಹೆಚ್ಚಿನವು ಉಜ್ಜನಪ್ಪನವೇ. ಅವನ್ನು ಪಕ್ಕಕ್ಕಿಟ್ಟರೆ ಮತ್ತೆ ಆ ಬಿಳಿ ಕಪ್ಪು, ಮತ್ತೆ ಚರಂಡಿ, ಮತ್ತೆ ಮಕ್ಕಳ ಕೆಮ್ಮು. ಇಟ್ಟುಕೊಳ್ಳಬೇಕೆಂದರೆ ಆ ಬರಹ ಹೋಗಬೇಕು. ಆ ಬರಹವನ್ನು ಹಾಕಿಸಿದ್ದ ದಿನ ಅವಳು ಅಳದೆ ಕೂತಿದ್ದಳು. ಈಗ ಅದನ್ನು ಅಳಿಸಲು ಹೋಗಬೇಕಾಗಿ ಬಂತಲ್ಲ ಅಂತ ಅಳು ಬಂತು.

ಆ ದಿನ ಮನೆಗೆ ಹೋದವಳು ಗೋಡೆಗೊರಗಿ ಕೂರಲಿಲ್ಲ. ಸ್ಟೂಲು ಹತ್ತಿ ಅಟ್ಟದಿಂದ ಗೋಣಿಚೀಲ ಎಳೆದಳು. ಓದುತ್ತಿದ್ದ ಸ್ಫೂರ್ತಿ ಎದ್ದು ಬಂದು ಚೀಲ ಹಿಡಿದುಕೊಂಡಳು.

"ಅಪ್ಪನ ಲೋಟ ಎಲ್ಲಾನೂ ಕೊಟ್ಟುಬಿಡ್ತೀಯಾ ಅಮ್ಮ?"

"ಇಲ್ಲಿದ್ದು ಏನು ಮಾಡ್ತಿದಾವೆ, ಹೇಳು."

ಸ್ಫೂರ್ತಿ ಒಂದನ್ನು ತೆಗೆದುಕೊಂಡು ತನ್ನ ಮೇಜಿನ ಮೇಲಿಟ್ಟು ಪೆನ್ನುಗಳನ್ನು ಅದರೊಳಗೆ ಹಾಕಿದಳು. ಉಳಿದವನ್ನು ಕರಿಬಸಮ್ಮ ಬೆಳಗ್ಗೆ ಬಸ್ಸಿಗೆ ಹಾಕಿಕೊಂಡಳು. ಬಸ್ಸು ಹಳ್ಳ ಇಳಿದಾಗಲೆಲ್ಲ ಚೀಲ ಗಲಗಲ ಅಂದಿತು. "ಪಾತ್ರೆ ವ್ಯಾಪಾರ ಶುರು ಮಾಡಿದ್ರಾ ಮಿಸ್?" ಅಂತ ಕಂಡಕ್ಟರ್ ಕಿಚಾಯಿಸಿದ. "ಹೂಂ ಕಣಪ್ಪ, ಸಂಬಳ ಸಾಲ್ದು," ಎಂದಳು.

ಶಾಲೆಯಲ್ಲಿದ್ದವನ್ನೂ ಸೇರಿಸಿ ಅಂಗಡಿಗೆ ಒಯ್ದಾಗ ಜಟ್ಟಪ್ಪ ಒಂದು ಲೋಟವನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದ. ಪೂರ್ತಿ ಉಜ್ಜಿ ತೆಗೆಯಲು ಹೋದರೆ ಹೊಳಪು ಮಾಸಿಹೋಗುತ್ತದೆ, ಅದರ ಮೇಲೇ ಹೂಬಳ್ಳಿ ಹೊಡೆದು ಮುಚ್ಚಬಹುದು ಎಂದ. "ಪೂರ್ತಿ ಮುಚ್ಚಿಬಿಡ್ಲಾ ಅಕ್ಕ?"

ಕರಿಬಸಮ್ಮ ಆ ಸಾಲಿನ ಮೇಲೆ ಬೆರಳಿಟ್ಟಳು. "ಬೇಡ. ಮುಂದಿನ 'ಲಿಂ.' ಮುಚ್ಚಿ. ಹಿಂದಿನ ಸ್ಮರಣಾರ್ಥ ಮುಚ್ಚಿ. ಮಧ್ಯದ್ದು ಹಂಗೇ ಇರ್ಲಿ."

ಜಟ್ಟಪ್ಪ ಮಷೀನ್ ಹಚ್ಚಿದ. ಟರ್ರ್ ಎಂದು ಒಂದು ಬಳ್ಳಿ ಈ ಕಡೆ, ಒಂದು ಬಳ್ಳಿ ಆ ಕಡೆ. ನಡುವೆ ಉಳಿದದ್ದು 'ಉಜ್ಜನಪ್ಪನವರ' ಎಂಬ ಒಂದೇ ಮಾತು. ಯಾವುದೋ ಗೃಹಪ್ರವೇಶಕ್ಕೆ ಯಾರೋ ಉಜ್ಜನಪ್ಪನವರು ಕೊಟ್ಟ ಉಡುಗೊರೆಯಂತೆ ಕಂಡಿತು. ಉಚ್ಚಂಗಮ್ಮ ನೋಡಿ, "ಹಿಂಗಿದ್ದಿದ್ರೆ ನಾವು ಅಟ್ಟಕ್ಕೆ ಇಡ್ತಿದ್ವಾ ಮಿಸ್?" ಎಂದಳು. ಸತ್ತವನು ಸತ್ತದ್ದು ಗೊತ್ತಿದ್ದೂ ಬರೆದಿಲ್ಲವಾದರೆ ಪರವಾಗಿಲ್ಲ ಅನ್ನುವ ಈ ಜನವನ್ನು ಏನು ಮಾಡುವುದು? ಕರಿಬಸಮ್ಮನಿಗೆ ವಾದ ಮಾಡಲು ಆಯಾಸವಾಗಿತ್ತು.

ಕಾರಂಜಿಯ ದಿನ ಬಂತು. ಬೆಳಗಿನಿಂದ ನಿಂತ ಕಾಲಲ್ಲೇ ನಿಂತಿದ್ದಳು ಕರಿಬಸಮ್ಮ. ಕೊಳದಪ್ಪಲೆಯಲ್ಲಿ ಬೆಲ್ಲದ ಪಾನಕ, ಎರಡು ದೊಡ್ಡ ಟಬ್ಬಿನಲ್ಲಿ ನೀರು. ಮಕ್ಕಳು ಸಾಲಾಗಿ ಬಂದು ಕುಡಿಯುವುದು, ಲೋಟವನ್ನು ಟಬ್ಬಿಗೆ ಹಾಕುವುದು, ಉಚ್ಚಂಗಮ್ಮ ಮತ್ತು ಇಬ್ಬರು ತಾಯಂದಿರು ತೊಳೆದು ಕೊಡುವುದು. ಮೊದಮೊದಲು ಗಲಾಟೆ, ನೂಕಾಟ, ಒಬ್ಬ ಹುಡುಗ ಪಾನಕವನ್ನು ಇನ್ನೊಬ್ಬನ ಮೈಮೇಲೆ ಚೆಲ್ಲಿದ. ಮಧ್ಯಾಹ್ನದ ಹೊತ್ತಿಗೆ ಹೇಗೋ ಒಂದು ಹದಕ್ಕೆ ಬಂತು. ಅಂಗಳದಲ್ಲಿ ಹುಡುಕಿದರೂ ಒಂದು ಬಿಳಿ ಕಪ್ಪು ಇರಲಿಲ್ಲ.

ವೇದಿಕೆಯ ಮೇಲೆ ಶಿವಮೊಗ್ಗದ ಸಾಹೇಬರಿಗೆ ಟೀ ಹೋಯಿತು. ಅವರು ಕುಡಿಯುತ್ತಾ ಲೋಟ ತಿರುಗಿಸಿ ನೋಡಿದರು. ಪಕ್ಕದವರ ಲೋಟ ನೋಡಿದರು. ಅದರಲ್ಲೂ ಅದೇ ಹೆಸರು. ಅವರಿಗೆ ಬಹಳ ಸಂತೋಷವಾಗಿ ಮೈಕಿನಲ್ಲೇ ಕೇಳಿದರು: "ಯಾರ್ರೀ ಈ ಉಜ್ಜನಪ್ಪನವರು? ಶಾಲೆಗೆ ಇಷ್ಟು ಲೋಟ ಕೊಟ್ಟಿದಾರಲ್ಲ! ಇಂಥ ದಾನಿಗಳು ಬೇಕು. ಕರೀರಿ ಅವರನ್ನ, ಒಂದು ಶಾಲು ಹಾಕೋಣ."

ಮೂರ್ತಪ್ಪ ತಟ್ಟನೆ ಎದ್ದು ನಿಂತರು. ಅವರು ಅಂಗಳದ ಕಡೆಗೆ, ಕರಿಬಸಮ್ಮನ ಕಡೆಗೆ ನೋಡಿದರು. ಊರಿಗೆ ಹೋಗಿದ್ದಾರೆ ಅಂದುಬಿಡಿ ಅನ್ನುವಂತೆ ಕಣ್ಣಲ್ಲೇ ಬೇಡಿಕೊಂಡರು. ಓಲ್ಡ್ ಟೌನಿನ ತಾಯಂದಿರೆಲ್ಲ ಅವಳನ್ನೇ ನೋಡುತ್ತಿದ್ದರು.

ಒಂದು ಮಾತು ಸುಳ್ಳು ಹೇಳಿದ್ದರೆ ಕೆಲಸ ಸಲೀಸಾಗಿ ಮುಗಿಯುತ್ತಿತ್ತು. ಆ 'ಲಿಂ.' ಮುಚ್ಚಿಸಿದವಳಿಗೆ ಇಷ್ಟು ಹೇಳಲು ಏನು ಕಷ್ಟ? ಆದರೆ ಸುಳ್ಳಿಗೂ ತ್ರಾಣ ಬೇಕು. ಜೊತೆಗೆ, ಅವನು ಎಲ್ಲೋ ಊರಿಗೆ ಹೋಗಿದ್ದಾನೆ ಅಂತ ಅವಳ ಬಾಯಿಂದಲೇ ಹೇಳುವುದು ಅವಳಿಂದಾಗಲಿಲ್ಲ.

"ಅವರು ನಮ್ಮ ಮನೆಯವರು ಸಾರ್," ಎಂದಳು, ಸೌಟು ಹಿಡಿದೇ. "ತೀರಿಕೊಂಡಿದಾರೆ. ಈ ಲೋಟ ಅವರ ಶಿವಗಣಾರಾಧನೇಲಿ ಹಂಚಿದ್ದು. ಊರಿನೋರು ಶಾಲೆಗೆ ಕೊಟ್ಟಿದಾರೆ."

ಸಾಹೇಬರು "ಓಹೋ, ಹಾಗಾ... ಪಾಪ" ಎಂದರು. ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಅರ್ಧ ಟೀ ಅದರಲ್ಲೇ ಇತ್ತು. ಮತ್ತೆ ಅದನ್ನು ಮುಟ್ಟಲಿಲ್ಲ. ಪಕ್ಕದವರೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಮೂರ್ತಪ್ಪ ಯಾರನ್ನೋ ಎದುರಿನ ಹೋಟೆಲಿಗೆ ಓಡಿಸಿದ್ದು, ಸಾಹೇಬರ ಮುಂದೆ ಬಿಳಿ ಪ್ಲಾಸ್ಟಿಕ್ ಕಪ್ಪಿನಲ್ಲಿ ಟೀ ಬಂದದ್ದು ಎಲ್ಲರಿಗೂ ಕಂಡಿತು. ಅದಾದ ಮೇಲೆ ಅವರು ಪರಿಸರದ ಬಗ್ಗೆ ಭಾಷಣ ಮಾಡಿದರು.

ಕರಿಬಸಮ್ಮ ಮಕ್ಕಳ ತಾಯಂದಿರ ಕಡೆ ನೋಡಲಿಲ್ಲ. ಇನ್ನು ಒಬ್ಬೊಬ್ಬರೇ ಬಂದು ಮಗುವಿನ ಕೈಯಿಂದ ಲೋಟ ಕಿತ್ತುಕೊಳ್ಳುತ್ತಾರೆ ಅಂತಲೇ ಕಾದಳು. ಸಾಲು ಒಂದು ಗಳಿಗೆ ನಿಂತಿತು. ಮುಂದೆ ನಿಂತಿದ್ದ ಬೇರೆ ಶಾಲೆಯ ಹುಡುಗಿ, ಇಷ್ಟೆಲ್ಲ ನಡೆದದ್ದು ಕಿವಿಗೇ ಬೀಳದವಳು, "ಮಿಸ್, ಇನ್ನೊಂಚೂರು," ಅಂತ ಲೋಟ ಚಾಚಿದಳು. ಅವಳ ಹಿಂದಿನವನೂ ಚಾಚಿದ. ಬಾಯಾರಿದ ಮಕ್ಕಳಿಗೆ ಯಾರ ಲೋಟವಾದರೇನು. ಕರಿಬಸಮ್ಮ ಹಾಕುತ್ತಾ ಹೋದಳು. ತಾಯಂದಿರಲ್ಲಿ ಒಬ್ಬಿಬ್ಬರು ತಮ್ಮ ಮಕ್ಕಳನ್ನು ಕರೆದುಕೊಂಡು ಹೊರಟುಹೋದರು. ಹೆಚ್ಚಿನವರು ಉಳಿದರು. ಉಚ್ಚಂಗಮ್ಮ ತಲೆ ಎತ್ತದೆ ತೊಳೆಯುತ್ತಲೇ ಇದ್ದಳು.

ಎಲ್ಲ ಮುಗಿದು ಅಂಗಳ ಖಾಲಿಯಾದಾಗ ಕರಿಬಸಮ್ಮನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಬೆಳಗಿನಿಂದ ಒಂದು ಗುಟುಕು ನೀರೂ ಒಳಗೆ ಹೋಗಿರಲಿಲ್ಲ. ಕಾಲು ಮರಗಟ್ಟಿದ್ದವು. ಜಗಲಿಯ ಅಂಚಿಗೆ ಕುಸಿದು ಕೂತು, ಕೈಗೆ ಸಿಕ್ಕಿದ ಲೋಟವನ್ನು ಕೊಳದಪ್ಪಲೆಯ ತಳಕ್ಕೆ ಅದ್ದಿ, ಉಳಿದಿದ್ದ ಪಾನಕವನ್ನು ಗಟಗಟ ಕುಡಿದಳು. ಕೆಳಗಿಡುವಾಗ ಬೆರಳಿಗೆ ಉಬ್ಬುತಗ್ಗು ತಾಕಿತು. ನೋಡಿದರೆ ಎರಡು ಬಳ್ಳಿ, ನಡುವೆ ಅವನ ಹೆಸರು.

ಇಷ್ಟು ದಿನ ಯಾಕೆ ಹೆದರಿದ್ದೆ ಅನ್ನಿಸಿತು. ಲೋಟ ಲೋಟದಂತೆಯೇ ಇತ್ತು. ಪಾನಕ ಸಿಹಿಯಾಗಿತ್ತು. ಕರಿಬಸಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಉಚ್ಚಂಗಮ್ಮ ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಕರಿಬಸಮ್ಮ ಕಣ್ಣೊರೆಸಿಕೊಂಡು, ಮತ್ತೆ ಬಾಯಾರಿಕೆಯಾಗಿದ್ದರಿಂದ, ಅದೇ ಲೋಟಕ್ಕೆ ಇನ್ನೊಂದಿಷ್ಟು ಬಗ್ಗಿಸಿಕೊಂಡು ಕುಡಿದಳು.